ಇಲಿ ದಂಡಿನ ಸುದ್ದಿ

ನಾಟಿಂಗ್‌ಹ್ಯಾಮ್, ಇಂಗ್ಲೆಂಡ್, ಭಾನುವಾರ ರಾತ್ರಿ

ತೀರ್ಥರೂಪ ಅಪ್ಪನಿಗೆ ನಮಸ್ಕಾರಗಳು.

ನಾನು ಆರಾಮಿದ್ದೇನೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ನನ್ನ ಮೇಜಿನ ಮೇಲಿದ್ದ ಇಲಿ ಗೊಂಬೆಗಳನ್ನು ನೋಡಿ ಅವ್ವ "ಇದಕ್ಕೇನಪ್ಪಾ ಅಷ್ಟು ದೂರ ಹೋಗಿದ್ದು?" ಅಂದಳಲ್ಲ, ಅದಕ್ಕೇ ಈ ಪತ್ರ.

ಅದು ವಾರ್‌ಹ್ಯಾಮರ್ ಅನ್ನೋ ಯುದ್ಧದಾಟ. ಶುರುವಾಗಿದ್ದು 1983ರಲ್ಲಿ. ಅದರ ಕಂಪನಿ ಇರೋದು ಇದೇ ಊರಲ್ಲಿ. ದೊಡ್ಡ ಮೇಜು, ದಾಳ, ಅಳೆಯೋಕೆ ಟೇಪು. ಶನಿವಾರ ನಾವು ಕೆಲವರು ಸೇರಿ 2010ರ ಹಳೇ ನಿಯಮದಲ್ಲೇ ಆಡುತ್ತೇವೆ. ಒಂದೊಂದು ಗೊಂಬೆಗೂ ಇಷ್ಟು ಪಾಯಿಂಟು ಅಂತ ಬೆಲೆ, ದಂಡು ಕಟ್ಟೋಕೆ ಎರಡೂ ಕಡೆಗೆ ಪಾಯಿಂಟು ಸಮ. ಎದುರಿನವರು ಅದರಲ್ಲಿ ಉಕ್ಕಿನ ಕವಚದ ಕುದುರೆ ಸವಾರರನ್ನು ತಗೊಳ್ಳುತ್ತಾರೆ. ನನ್ನದು ಸ್ಕೇವನ್, ಅಂದರೆ ಇಲಿ ದಂಡು. ಒಂದು ಗುಲಾಮ ಇಲಿಗೆ ಬರೀ 2 ಪಾಯಿಂಟು!

ಗುಡಿ ಕಟ್ಟೆ ಮೇಲೆ ಹುಲಿ-ಕುರಿ ಆಡುವಾಗ ನೀವು ಯಾವಾಗಲೂ ಕುರಿಯನ್ನೇ ಆರಿಸುತ್ತಿದ್ದಿರಿ. ನಾನು ನಾಲ್ಕು ಕುರಿ ತಿಂದು ಕುಣಿಯುತ್ತಿದ್ದೆ. ಆಮೇಲೆ ನೋಡಿದರೆ ನನ್ನ ಹುಲಿಗೆ ಕದಲೋಕೂ ಜಾಗ ಇರುತ್ತಿರಲಿಲ್ಲ. ಅದು ನನಗೆ ಅರ್ಥವಾಗಿದ್ದು ಇಲ್ಲಿ ಬಂದ ಮೇಲೆ ನೋಡಿ.

ಮೊದಮೊದಲು ಒಂದೊಂದು ಇಲಿ ಸತ್ತರೂ ಸಂಕಟ. ಎಲ್ಲವನ್ನೂ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಆಮೇಲೆ ಗೊತ್ತಾಯಿತು, ಅವು ಸಾಯೋಕೇ ಬಂದಿರೋದು, ಕೊಲ್ಲೋಕಲ್ಲ. ಇದರಲ್ಲಿ ಒಂದು ನಿಯಮ ಇದೆ. ಹೊಡೆದಾಟದಲ್ಲಿ ಎಷ್ಟೇ ಕೆಟ್ಟದಾಗಿ ಸೋತರೂ, ಎದುರಿನವರಿಗಿಂತ ನಮ್ಮ ಗುಂಪಿನಲ್ಲಿ ಸಾಲು ಜಾಸ್ತಿ ಇದ್ದರೆ ಧೈರ್ಯ ಕಡಿಮೆ ಆಗಲ್ಲ. ಹಾಗಾಗಿ ಅಗಲಕ್ಕೆ 5, ಹಿಂದಕ್ಕೆ 8 ಅಂತ 40 ಇಲಿ ನಿಲ್ಲಿಸಿದೆ. ಸವಾರರು ಬಂದು ಗುದ್ದಿದರು, ಕೊಂದರು, ಅಲ್ಲೇ ಸಿಕ್ಕಿಕೊಂಡರು. ಅಷ್ಟರಲ್ಲಿ ನನ್ನ ಒಳ್ಳೇ ಇಲಿಗಳು ಪಕ್ಕದಿಂದ ಬಂದು ಬಿದ್ದವು.

ಯಾವಾಗಲೂ ಹೀಗೇ ಆಗುತ್ತೆ ಅಂತಲ್ಲ. ಒಂದು ಗುಂಪು ಕಾಲು ಕಿತ್ತರೆ 6 ಇಂಚಿನೊಳಗಿನ ನಮ್ಮ ಗುಂಪುಗಳೂ ನಿಲ್ಲುತ್ತವಾ ಓಡುತ್ತವಾ ಅಂತ ದಾಳ ಹಾಕಿ ನೋಡಬೇಕು. ನಮ್ಮ ಸೇನಾಪತಿ 12 ಇಂಚಿನೊಳಗಿದ್ದರೆ ಅವನ ಧೈರ್ಯ ಉಳಿದವರಿಗೂ ಸಿಗುತ್ತೆ. ಒಂದು ಸಲ ನಾನು ಅವನನ್ನು ಜೋಪಾನವಾಗಿ ದೂರದ ಮೂಲೆಯಲ್ಲಿ ಬಚ್ಚಿಟ್ಟಿದ್ದೆ. ಅರ್ಧ ದಂಡು ಮೇಜು ಬಿಟ್ಟೇ ಓಡಿತು.

ಇನ್ನೊಂದು ತಾಪತ್ರಯ, ಹೊತ್ತು. 160 ಇಲಿಯನ್ನು ಒಂದೊಂದಾಗಿ ಸರಿಸಿ ಸರಿಸಿ, 6 ಸರದಿಯ ಆಟದಲ್ಲಿ 3 ಮುಗಿಯೋದರಲ್ಲಿ ಕತ್ತಲಾಯಿತು. ಎದುರಿಗಿದ್ದವರು ಪಾಪ, ಎರಡು ಸಲ ಟೀ ಕುಡಿದು ಬಂದರು. ಈಗ ಒಂದೊಂದು ಗುಂಪಿಗೂ ಟ್ರೇ ಮಾಡಿಕೊಂಡಿದ್ದೇನೆ. ಹಿಡಿದು ತಳ್ಳಿದರೆ ಆಯಿತು.

ಇಲಿಗಳಿಗೆ ಬಣ್ಣ ಹಚ್ಚೋದೂ ನಾನೇ, ಅದರ ಗುಟ್ಟು ಮಾತ್ರ ನಮ್ಮ ಕೊಪ್ಪಳದ್ದೇ. ಕಿನ್ನಾಳದಲ್ಲಿ ಆ ಚಿತ್ರಗಾರರು ಗೊಂಬೆಗಳನ್ನೆಲ್ಲ ಸಾಲಾಗಿಟ್ಟು, ಎಲ್ಲಕ್ಕೂ ಒಂದೇ ಬಣ್ಣ ಹಚ್ಚಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕುತ್ತಿದ್ದದ್ದು ನೆನಪಿತ್ತು. ನಾನೂ ಹಾಗೇ, ಒಂದು ಸಂಜೆ ಬರೀ ಬಾಲ, ಇನ್ನೊಂದು ಸಂಜೆ ಬರೀ ಹಲ್ಲು. ಅವರ ಕೈಯ ಹೊಳಪು ನನಗೆ ಬಂದಿಲ್ಲ, ಅದು ಬೇರೆ ಮಾತು.

ಗವಿಮಠದ ಜಾತ್ರೆಗೆ ರಜೆ ಕೇಳಿದ್ದೇನೆ. ಸಿಕ್ಕರೆ ಇಲಿಗಳನ್ನೂ ತರುತ್ತೇನೆ, ನೀವೇ ಆಡಿಸಿ, ನಾನು ಸವಾರರನ್ನು ತಗೊಳ್ಳುತ್ತೇನೆ. ಪ್ಲಾಸ್ಟಿಕ್ ಇಲಿ, ಜೋಳ ತಿನ್ನಲ್ಲ ಅಂತ ಅವ್ವನಿಗೆ ಹೇಳಿ.

ನಿಮ್ಮ ಮಗ