ಹಳೆ ಕಂಪ್ಯೂಟರಿಗೆ ಮೆಮೊರಿ ಕೊಳ್ಳುವಾಗ ಚಿಪ್ ಮೇಲಿನ ಅಂಕಿ ಓದಿ

ಮಾನ್ಯ ಸಂಪಾದಕರೇ,

ಹಳೆಯ ಕಂಪ್ಯೂಟರುಗಳಿಗೆ ಸೆಕೆಂಡ್ ಹ್ಯಾಂಡ್ ಮೆಮೊರಿ ಹುಡುಕುವವರು ಎಷ್ಟು ಎಂಬಿ ಎಂದಷ್ಟೇ ಕೇಳುತ್ತಾರೆ, ಮಾರುವವರೂ ಅಷ್ಟನ್ನೇ ಹೇಳುತ್ತಾರೆ. ದುಡ್ಡು ಹಾಳಾಗುವುದೇ ಇಲ್ಲಿ. ಹಣ ಕೊಡುವ ಮುನ್ನ ಮಾಡ್ಯೂಲಿನ (ಮೆಮೊರಿ ಚಿಪ್ಪುಗಳನ್ನು ಕೂರಿಸಿದ ಪುಟ್ಟ ಪಟ್ಟಿಯ) ಎರಡೂ ಬದಿಯ, ಚಿಪ್ ಮೇಲಿನ ಅಕ್ಷರ ಓದಲು ಬರುವಂಥ ಫೋಟೊ ಕೇಳಿ. ಕೊಡದವರ ಹತ್ತಿರ ಕೊಳ್ಳಲೇಬೇಡಿ.

ಮೊದಲು ಎಷ್ಟು ಬೇಕೆಂದು ಲೆಕ್ಕ ಹಾಕಿ. 30 ಪಿನ್ ಮಾಡ್ಯೂಲಿನ ಅಗಲ, ಅಂದರೆ ಅದು ಒಮ್ಮೆಗೆ ಕೊಡುವ ದತ್ತಾಂಶ, 8 ಬಿಟ್. ಆದ್ದರಿಂದ ಒಮ್ಮೆಗೆ 16 ಬಿಟ್ ಓದುವ ಪ್ರೊಸೆಸರಿನ 286, 386ಎಸ್‌ಎಕ್ಸ್ ಯಂತ್ರಗಳಿಗೆ ಎರಡೆರಡು, 32 ಬಿಟ್ ಓದುವ 486ಕ್ಕೆ ನಾಲ್ಕು ನಾಲ್ಕು ಒಟ್ಟಿಗೆ ಹಾಕಬೇಕು. 72 ಪಿನ್ನಿನದು 32 ಬಿಟ್. 64 ಬಿಟ್ ಓದುವ ಪೆಂಟಿಯಮ್‌ನ ಮದರ್‌ಬೋರ್ಡಿಗೆ ಸಾಮಾನ್ಯವಾಗಿ ಜೋಡಿಯೇ ಬೇಕು. ಚಿಪ್ ಸಂಖ್ಯೆಯ ಕೊನೆಯಲ್ಲಿ 70 ಅಥವಾ ಬರೀ 7 ಇದ್ದರೆ ದತ್ತಾಂಶ ಕೊಡಲು ತಗಲುವ ಸಮಯ 70 ನ್ಯಾನೊಸೆಕೆಂಡ್. ಅಂಕಿ ಚಿಕ್ಕದಾದಷ್ಟೂ ವೇಗ ಹೆಚ್ಚು.

1 ಎಂಬಿಯ 30 ಪಿನ್ ಮಾಡ್ಯೂಲ್ ಒಂಬತ್ತು ಚಿಪ್ಪಿನಲ್ಲೂ ಬರುತ್ತದೆ, ಮೂರರಲ್ಲೂ ಬರುತ್ತದೆ. ಕೆಲವು ಹಳೆಯ ಬೋರ್ಡುಗಳು ಮೂರು ಚಿಪ್ಪಿನದನ್ನು ಒಪ್ಪುವುದಿಲ್ಲ. ಅದರ 4 ಬಿಟ್ ಚಿಪ್ಪುಗಳಿಗೆ 1024 ರಿಫ್ರೆಶ್ ಸಾಲು (ಮಾಹಿತಿ ಅಳಿಯದಂತೆ ಮತ್ತೆ ಮತ್ತೆ ಚಾರ್ಜ್ ತುಂಬುವ ಸಾಲು) ಬೇಕು, ಒಂಬತ್ತು ಚಿಪ್ಪಿನದಕ್ಕೆ 512 ಸಾಕು. ಎರಡನ್ನೂ ಒಂದೇ ಬ್ಯಾಂಕಿನಲ್ಲಿ (ಒಟ್ಟಿಗೆ ಹಾಕುವ ಗುಂಪಿನಲ್ಲಿ) ಬೆರೆಸದಿರುವುದೇ ಕ್ಷೇಮ. ಒಂಬತ್ತನೆಯ ಚಿಪ್ ನಿಜವಾದ ಪ್ಯಾರಿಟಿಯದೋ, ಅಂದರೆ ದೋಷ ಹಿಡಿಯಲು ನೆರವಾಗುವ ಹೆಚ್ಚುವರಿ ಬಿಟ್ ಇಡುವುದೋ, ಎಂಬುದನ್ನೂ ನೋಡಿ. ಅದು ಉಳಿದವಕ್ಕಿಂತ ಬೇರೆ ಸಂಖ್ಯೆಯ ಲಾಜಿಕ್ ಚಿಪ್ ಆಗಿದ್ದರೆ ಪ್ಯಾರಿಟಿಯನ್ನು ಆ ಕ್ಷಣಕ್ಕೆ ಹುಟ್ಟಿಸಿ ಕೊಡುತ್ತದೆ, ದೋಷ ಹಿಡಿಯುವುದಿಲ್ಲ.

ಆಮೇಲೆ ಬಂದ ಮೆಮೊರಿ ಬಗೆಯಾದ 168 ಪಿನ್ ಎಸ್‌ಡಿರ‍್ಯಾಮ್‌ನಲ್ಲೂ ಇದೇ ಪಾಡು. ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್ (ಮೆಮೊರಿಯನ್ನು ನಿಯಂತ್ರಿಸುವ ಚಿಪ್ಪುಗಳು) ಇರುವ ಬೋರ್ಡಿಗೆ 256 ಎಂಬಿ ಬೇಕಿದ್ದರೆ 128 ಮೆಗಾಬಿಟ್‌ನ ಹದಿನಾರು ಚಿಪ್ಪಿರುವುದನ್ನೇ ಆರಿಸಿ. ಎಂಟು ಚಿಪ್ಪಿನದು ಅರ್ಧವಷ್ಟೇ ಕಾಣಬಹುದು, ಇಲ್ಲವೇ ಯಂತ್ರ ಏಳದೇ ಇರಬಹುದು. ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಬೇಡ: 430ಟಿಎಕ್ಸ್ ಚಿಪ್‌ಸೆಟ್ಟಿನ ಬೋರ್ಡಿನ ಕ್ಯಾಶ್ (ವೇಗದ ಪುಟ್ಟ ಮೆಮೊರಿ) 64 ಎಂಬಿ ಮೀರಿದ ಭಾಗವನ್ನು ಮುಟ್ಟದು, ಅದಕ್ಕಿಂತ ಹೆಚ್ಚು ಹಾಕಿದರೆ ವೇಗ ತಗ್ಗಬಹುದು.

ಸಾಕೆಟ್ಟಿನ ಪಿನ್ ಯಾವ ಲೋಹದ್ದೋ ಮಾಡ್ಯೂಲಿನ ಅಂಚೂ ಅದೇ ಲೋಹದ್ದಿರಲಿ. ಚಿನ್ನದ ಪಿನ್ನಿಗೆ ತವರದ ಅಂಚು ತಗುಲಿದರೆ ಕಾಲಕ್ರಮೇಣ ತವರದ ಆಕ್ಸೈಡ್ ಕಟ್ಟಿಕೊಂಡು ಸಂಪರ್ಕ ಆಗೊಮ್ಮೆ ಈಗೊಮ್ಮೆ ತಪ್ಪುತ್ತದೆ. ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ರಬ್ಬರಿನಿಂದ ಉಜ್ಜಬೇಡಿ, ಚಿನ್ನದ ಲೇಪ ತೀರಾ ತೆಳು. 30, 72 ಪಿನ್ನಿನ ಹಳೆಯ ಸಾಕೆಟ್ಟಿನ ಪ್ಲಾಸ್ಟಿಕ್ ಕ್ಲಿಪ್ ಒಣಗಿ ಗಡುಸಾಗಿರುತ್ತದೆ. ಎರಡೂ ಕ್ಲಿಪ್ಪನ್ನು ಒಟ್ಟಿಗೆ, ನಿಧಾನವಾಗಿ ಹೊರಕ್ಕೆ ಸರಿಸಿ, ಮಾಡ್ಯೂಲನ್ನು ಓರೆಯಾಗಿ ಇಳಿಸಿ ಆಮೇಲೆ ನೆಟ್ಟಗೆ ಮಾಡಿ. ಒಂದೇ ಬದಿ ಎಳೆದರೆ ಕ್ಲಿಪ್ ಮುರಿಯುತ್ತದೆ, ಸಾಕೆಟ್ಟೇ ಬದಲಿಸಬೇಕಾಗುತ್ತದೆ.

ಯಂತ್ರ ಹಚ್ಚಿದಾಗ ಪರದೆಯಲ್ಲಿ ಓಡುವ ಲೆಕ್ಕ ಸರಿಬಂದರೆ ಮೆಮೊರಿ ಸರಿಯಿದೆ ಎಂದರ್ಥವಲ್ಲ, ಅದು ಮೇಲುಮೇಲಿನ ಪರೀಕ್ಷೆ. ಫ್ಲಾಪಿಯಿಂದ ಓಡುವ ಮೆಮೊರಿ ಪರೀಕ್ಷಾ ತಂತ್ರಾಂಶ ಮೆಮ್‌ಟೆಸ್ಟ್86ರ ಹಳೆಯ ಆವೃತ್ತಿಯನ್ನು ರಾತ್ರಿಯಿಡೀ ಬಿಡಿ. ಕೆಲವು ಚಿಪ್ ಬಿಸಿಯಾದ ಮೇಲೆಯೇ ತಪ್ಪುವುದು. ತಪ್ಪು ಬಂದರೆ ಮಾಡ್ಯೂಲುಗಳನ್ನು ಒಂದೊಂದಾಗಿ ಅದಲುಬದಲು ಮಾಡಿ ನೋಡಿ. ದೋಷ ಮಾಡ್ಯೂಲಿನ ಜೊತೆ ಸ್ಥಳ ಬದಲಿಸಿದರೆ ಮಾಡ್ಯೂಲೇ ಕೆಟ್ಟಿದೆ. ಇದ್ದಲ್ಲೇ ಉಳಿದರೆ ಸಾಕೆಟ್ಟನ್ನು ನೋಡಿ. ಈ ಪರೀಕ್ಷೆಗೆ ಬೇಕಾದಷ್ಟು ದಿನಗಳ ವಾಪಸಾತಿ ಅವಧಿಯನ್ನು ಮಾರುವವರಿಂದ ಬರಹದಲ್ಲಿ ಪಡೆದ ಮೇಲೆಯೇ ಹಣ ಕೊಡಿ.

ಇತಿ,
ಓದುಗ