ಬಾಸ್ ನಿನ್ನ ಎಡಗೈಯಲ್ಲೇ ಉಂಟು: ಗೆಳೆಯನಿಗೊಂದು ಪತ್ರ

ಮಾರಾಯಾ,

"ಸ್ಯಾಕ್ಸೋಫೋನ್, ಗಿಟಾರ್, ತಬಲಾ. ಬಾಸ್ ಎಲ್ಲಿ? ಇದೆಂಥ ಜಾಝ್?" ಅಂತ, ನಾನು ಕಳಿಸಿದ ಆಲ್ಬಂ ಕೇಳಿ, ಒಂದೇ ಸಾಲು ಬರೆದು ಸುಮ್ಮನಾದೆಯಲ್ಲ. ಧಾರವಾಡದಲ್ಲಿ ಹತ್ತು ವರ್ಷ ತಬಲಾ ಕಲಿತವನು ಕೇಳುವ ಮಾತಾ ಅದು? ಬಾಸ್ ಅಂದರೆ ತಳದ ದಪ್ಪ ನಾದ, ಅದು ನಿನ್ನ ಎಡಗೈಯಲ್ಲೇ ಉಂಟು.

ಕಳಿಸಿದ್ದು 2008ರ ಆಲ್ಬಂ, 'ಆಪ್ತಿ'. ತಂಡದ ಹೆಸರು ಇಂಡೋ-ಪಾಕ್ ಕೊಯಲಿಷನ್. ಸ್ಯಾಕ್ಸೋಫೋನ್ ರುದ್ರೇಶ್ ಮಹಾಂತಪ್ಪನದು. ಹೆಸರು ಕೇಳಿದರೆ ದಾವಣಗೆರೆ ಕಡೆಯ ಲೆಕ್ಕದ ಮೇಷ್ಟ್ರು ಅನ್ನಿಸ್ತದೆ, ಅಲ್ವಾ? ಅಪ್ಪ ಅಮ್ಮ ಕರ್ನಾಟಕದವರೇ. ಇವನು 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಹುಟ್ಟಿ ಅಮೆರಿಕದ ಕೊಲರಾಡೊದಲ್ಲಿ ಬೆಳೆದ. ಗಿಟಾರಿನ ರೆಝ್ ಅಬ್ಬಾಸಿ ಕರಾಚಿಯಲ್ಲಿ ಹುಟ್ಟಿದವನು. ಇಂಡೋ ಆಯಿತು, ಪಾಕ್ ಆಯಿತು. ತಬಲಾ? ನ್ಯೂಜೆರ್ಸಿಯ ಡ್ಯಾನ್ ವೈಸ್, ಆಗ ಮೂವತ್ತೊಂದರ ಹುಡುಗ! ಮೂಲತಃ ಡ್ರಮ್ಮರ್, ಸಮೀರ್ ಚಟರ್ಜಿಯವರ ಶಿಷ್ಯ. 2005ರಲ್ಲಿ ಹದಿನಾರು ಮಾತ್ರೆಯ ತೀನ್‌ತಾಲದ ತಬಲಾ ಸೋಲೋವನ್ನು ಡ್ರಮ್ ಸೆಟ್ಟಿನ ಮೇಲೆ ಬಾರಿಸಿ ಅದನ್ನೇ ಒಂದು ಆಲ್ಬಂ ಮಾಡಿದ ಆಸಾಮಿ.

ಜಾಝ್ ಟ್ರಿಯೋ, ಅಂದರೆ ಮೂವರ ತಂಡ, ಅಂದರೆ ಸಾಮಾನ್ಯವಾಗಿ ಪಿಯಾನೋ, ಬಾಸ್, ಡ್ರಮ್ಸ್. ಕೆಳಗೆ ಬಾಸ್ ನಡೆಯುತ್ತಾ ಇದ್ದರೆ ಮೇಲಿನವರು ಎಷ್ಟು ಹಾರಿದರೂ ಇಳಿಯಲಿಕ್ಕೆ ನೆಲ ಇರ್ತದೆ. ಇಲ್ಲಿ ಆ ನೆಲವನ್ನೇ ತೆಗೆದಿದ್ದಾರೆ. ಫೋನಿನ ಸ್ಪೀಕರಿನಲ್ಲಿ ಕೇಳಿರ್ತೀಯ, ಅದಕ್ಕೇ ನಿನಗೆ ಸಿಗಲಿಲ್ಲ. ಇಯರ್‌ಫೋನ್ ಹಾಕು. ವೈಸ್ 'ಘೇ' ಬಾರಿಸಿ ಅಂಗೈಯ ಬುಡವನ್ನು ಎಡಗೈಯಲ್ಲಿ ಬಾರಿಸುವ ಡಗ್ಗಾದ ಮೇಲೆ ಒತ್ತಿ ಜಾರಿಸುವಾಗ ನಾದ ಹೊಟ್ಟೆಯಿಂದ ಗಂಟಲಿಗೆ ಏರಿದ ಹಾಗೆ ಏರ್ತದಲ್ಲ, ಅದೇ ಬಾಸ್. ಆದರೆ ಅದು ಇಂಥದೇ ಸ್ವರ ಅಂತ ಹೇಳುವುದಿಲ್ಲ. ಮಿಕ್ಕಿದ್ದು ಗಿಟಾರಿನ ಪಾಲಿಗೆ. ಇನ್ನು ಬಲಗೈಯ ಪೇಚು ನಿನಗೇ ಗೊತ್ತು. ಒಂದು ಸ್ವರಕ್ಕೆ ಶ್ರುತಿ ಮಾಡಿದರೆ ತಬಲಾ ಅಲ್ಲೇ. ಜಾಝ್‌ನಲ್ಲೋ ಕಾರ್ಡ್ (chord) ಅಂತ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು ಬದಲಾಗುತ್ತಲೇ ಇರ್ತವೆ. ಮಧ್ಯದಲ್ಲಿ ಶ್ರುತಿ ಬದಲಿಸಲು ಸುತ್ತಿಗೆ ಹಿಡಿದು ಕೂರಲಿಕ್ಕಾಗ್ತದಾ?

ಎಲ್ಲ ಹಿಡಿಸಿತು ಅಂತಲ್ಲ. ಕೆಲವು ಕಡೆ ರುದ್ರೇಶ ಉಸಿರು ಬಿಡದೆ ಸುರಿಯುತ್ತಾನೆ, ತಬಲಾ ಮುಳುಗಿಯೇ ಹೋಗ್ತದೆ. 2017ರ 'ಅಗ್ರಿಮಾ'ದಲ್ಲಿ ವೈಸ್ ತಬಲಾದ ಜೊತೆ ಡ್ರಮ್ಸನ್ನೂ ತಂದ. ದೊಡ್ಡ ಸದ್ದು, ಒಪ್ಪುತ್ತೇನೆ. ನನಗೆ ಮಾತ್ರ ಬರಿಗೈಯ 'ಆಪ್ತಿ'ಯೇ ಸಾಕು.

ಅದಿರಲಿ, ಈ ರುದ್ರೇಶನಿಗೂ ನಮ್ಮ ಬಂಟ್ವಾಳ ತಾಲೂಕಿಗೂ ಒಂದು ನಂಟುಂಟು. ಅಮೆರಿಕದ ಬರ್ಕ್ಲೀ (Berklee) ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದಾಗ ಸಹೋದರ ತಮಾಷೆಗೆಂದು ಒಂದು ಆಲ್ಬಂ ಕೊಟ್ಟನಂತೆ. ನುಡಿಸಿದವರು ಯಾರು? ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸುತ್ತಿದ್ದ ನಮ್ಮ ಸಜಿಪದ ಕದ್ರಿ ಗೋಪಾಲನಾಥರು! ತಮಾಷೆ ಅಲ್ಲಿಗೇ ನಿಂತಿತು. 2008ರಲ್ಲಿ ರುದ್ರೇಶ, ಗೋಪಾಲನಾಥರು ಇಬ್ಬರೂ ಸೇರಿ 'ಕಿನ್ಸ್‌ಮೆನ್' ಎಂಬ ಆಲ್ಬಂ ತಂದರು. ನಾನು ದೇವಸ್ಥಾನದ ಉತ್ಸವದಲ್ಲಿ, ಮದುವೆ ಚಪ್ಪರದಲ್ಲಿ ಸ್ಯಾಕ್ಸೋಫೋನ್ ಕೇಳಿಯೇ ದೊಡ್ಡವನಾದದ್ದು. ಅದು ಹೊರದೇಶದ ವಾದ್ಯ ಅಂತ ಗೊತ್ತಾದಾಗ ಹೈಸ್ಕೂಲಿನಲ್ಲಿದ್ದೆ, ನಂಬಲೇ ಇಲ್ಲ.

ಆಟಿ ತಿಂಗಳಲ್ಲಿ, ಅಂದರೆ ನಿಮ್ಮ ಆಷಾಢದ ಹೊತ್ತಿಗೆ, ಬಾ. ಆಗ ಮದುವೆಗಳಿಲ್ಲ, ಮದುವೆಯ ವಾದ್ಯದ ಸೆಟ್ಟಿನಲ್ಲಿ ಸ್ಯಾಕ್ಸೋಫೋನ್ ಊದುವ ನಮ್ಮ ಚಿಕ್ಕಪ್ಪನ ಮಗ ಖಾಲಿ ಇರ್ತಾನೆ. ಗಿಟಾರ್ ಒಂದು ಎಲ್ಲಿಂದಾದರೂ ಹೊಂದಿಸುತ್ತೇನೆ. ಡಗ್ಗಾ ಮರೆಯಬೇಡ. ಪ್ಲಾಸ್ಟಿಕ್ ಸುತ್ತಿಕೊಂಡು ಬಾ, ಇಲ್ಲಿಯ ಮಳೆಗೆ ಚರ್ಮ ಸಡಿಲಾಗ್ತದೆ.

ನಿನ್ನ,
ಬಂಟ್ವಾಳದವ