ಭಾರ ಇದ್ದವರು ಬೇಗ ಇಳಿಯುವುದು ಗಾಳಿಯಿಂದ

ಮಾನ್ಯ ಸಂಪಾದಕರೇ,

ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಜಾರುವ ಸ್ಕೀಯಂಥ ಹಿಮದಾಟಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ ‘ತೂಕ ಜಾಸ್ತಿ ಇರುವವರನ್ನು ಭೂಮಿ ಜೋರಾಗಿ ಎಳೆಯುತ್ತದೆ, ಹಾಗಾಗಿ ಅವರು ಸ್ಕೀ ಮೇಲೆ ಬೇಗ ಇಳಿಯುತ್ತಾರೆ’ ಎಂಬ ಸಾಲು ಓದಿ ಸುಮ್ನೆ ಕೂರಲು ಆಗಲಿಲ್ಲ. ಒಂಬತ್ತನೇ ತರಗತಿಗೆ ವಿಜ್ಞಾನ ಹೇಳಿಕೊಟ್ಟವಳು ನಾನು. ಪೇಪರಿನಲ್ಲಿ ಬಂದದ್ದನ್ನು ಮಕ್ಕಳು ಪರೀಕ್ಷೆಯಲ್ಲೂ ಬರೆದು ಬರುತ್ತಾರೆ.

ಭೂಮಿ ಜೋರಾಗಿ ಎಳೆಯುವುದು ನಿಜ. ಆದರೆ ಭಾರ ಹೆಚ್ಚಿದಷ್ಟೂ ಅದಕ್ಕೆ ವೇಗ ಕೊಡುವುದು ಕಷ್ಟ. ಹಿಮದ ಘರ್ಷಣೆಯೂ ಹೆಚ್ಚು ಕಡಿಮೆ ಅಷ್ಟೇ ಏರುತ್ತದೆ. ಲೆಕ್ಕ ಮಾಡಿದರೆ ತೂಕ ಹೊಡೆದು ಹೋಗುತ್ತದೆ. 15 ಡಿಗ್ರಿ ಇಳಿಜಾರು, ಘರ್ಷಣಾಂಕ 0.05 (ಅಂದರೆ ಘರ್ಷಣೆ ಹಿಮವನ್ನು ಒತ್ತುವ ಬಲದ ಇಪ್ಪತ್ತನೇ ಒಂದು ಪಾಲು) ಎಂದು ಹಿಡಿಯಿರಿ. ಗಾಳಿಯನ್ನು ಬಿಟ್ಟರೆ, 60 ಕಿಲೋದವರಿಗೂ 90 ಕಿಲೋದವರಿಗೂ ಪ್ರತಿ ಸೆಕೆಂಡಿಗೆ ಏರುವ ವೇಗ ಗಂಟೆಗೆ ಸುಮಾರು 7 ಕಿ.ಮೀ. ನಮ್ಮ ಮಲ್ಪೆಯಲ್ಲಿ ಹಲಗೆ ಮೇಲೆ ಐಸ್ ಜಾರಿಸುವುದನ್ನು ನೋಡಿದವರಿಗೆ ಇದು ಗೊತ್ತು. ಇಡೀ ಗಡ್ಡೆಯೂ ಒಡೆದ ಅರ್ಧ ಗಡ್ಡೆಯೂ ಒಂದೇ ಓಟದಲ್ಲಿ ಬರುತ್ತವೆ. ತಡೆಯಲು ಹೋದಾಗ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಇಡೀ ಗಡ್ಡೆಗೆ ಕಾಲು ಅಡ್ಡ ಕೊಟ್ಟವನ ಗತಿ ಅಷ್ಟೇ!

ಹಾಗಾದರೆ ರೇಸಿನಲ್ಲಿ ದಪ್ಪ ಆಳುಗಳಿಗೆ ಲಾಭ ಇಲ್ವಾ? ಇದೆ. ಅದು ಗಾಳಿಯಿಂದ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಒಂದೂವರೆ ಪಟ್ಟು ತೂಕದವರ ಮೈ ಗಾಳಿಗೆ ಒಡ್ಡಿಕೊಳ್ಳುವ ವಿಸ್ತೀರ್ಣ ಅಷ್ಟೇ ಬೆಳೆಯುವುದಿಲ್ಲ, ಸುಮಾರು 1.3 ಪಟ್ಟು ಆಗುತ್ತದೆ. ಎಳೆತ ಏರಿದಷ್ಟು ಗಾಳಿಯ ತಡೆ ಏರದ ಕಾರಣ ಅವರ ಗರಿಷ್ಠ ವೇಗ ಶೇಕಡ 7ರಷ್ಟು ಮೇಲೆ ಹೋಗಬಹುದು. ಸ್ಕೀಯವರು ಮೊಣಕಾಲು ಮಡಿಸಿ ಮುದುಡಿ ಕೂರುವುದೂ ಇದೇ ಗಾಳಿಯ ಭಯಕ್ಕೆ. 2023ರಲ್ಲಿ ಫ್ರಾನ್ಸಿನ ಸ್ಕೀ ಆಟಗಾರ ಸಿಮೋನ್ ಬಿಲ್ಲಿ ಗಂಟೆಗೆ 255.5 ಕಿ.ಮೀ. ದಾಖಲೆ ಮಾಡಿದಾಗ ಎಂಜಿನ್ ಇರಲಿಲ್ಲ. ಇಳಿಜಾರು, ಮೈಗಂಟಿದ ಉಡುಪು, ಗಾಳಿ ಸೀಳುವ ಹೆಲ್ಮೆಟ್ ಇತ್ತು.

ಅದೇ ಲೇಖನದಲ್ಲಿ ಮೈಭಾರದ ಒತ್ತಡಕ್ಕೆ ಹಿಮ ಕರಗಿ ಸ್ಕೀ ಜಾರುತ್ತದೆ ಎಂದೂ ಇದೆ. ಎಷ್ಟೋ ಪಾಠಗಳಲ್ಲಿ ಈ ಮಾತು ಇನ್ನೂ ಉಳಿದಿದೆ. 80 ಕಿಲೋದವರು ಎರಡು ಉದ್ದ ಸ್ಕೀ ಮೇಲೆ ನಿಂತಾಗ ಹಿಮದ ಮೇಲೆ ಬೀಳುವ ಒತ್ತಡ ವಾತಾವರಣದ ಒತ್ತಡದ ನಲವತ್ತರಲ್ಲಿ ಒಂದು ಪಾಲು ಇದ್ದೀತು. ಮಂಜುಗಡ್ಡೆ ಕರಗುವ ಬಿಂದುವನ್ನು ಒಂದು ಡಿಗ್ರಿ ಇಳಿಸಲು ವಾತಾವರಣದ ಒತ್ತಡದ ನೂರಮೂವತ್ತಕ್ಕೂ ಹೆಚ್ಚು ಪಟ್ಟು ಬೇಕು. ಎಲ್ಲಿಂದೆಲ್ಲಿಗೆ! ಜಾರಿಸುವುದು ಮುಖ್ಯವಾಗಿ ಉಜ್ಜಾಟದ ಬಿಸಿಯಿಂದ ಆಗುವ ತೆಳು ನೀರಿನ ಪದರ. ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು 1939ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದರು.

ಇನ್ನೊಂದು ಮಾತು. ಲೇಖನದಲ್ಲಿ ಎಲ್ಲರೂ ವಿದೇಶಿಯರೇ. ಕಾಶ್ಮೀರದ ಗುಲ್ಮಾರ್ಗ್ ಕಡೆಯ ಸ್ಕೀ ಪಟು ಆರಿಫ್ ಖಾನ್ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದಿಂದ ಹೋಗಿದ್ದ ಒಬ್ಬನೇ ಆಟಗಾರ. ಕ್ರಾಸ್ ಕಂಟ್ರಿ ಸ್ಕೀ ಆಡುವ ಭವಾನಿ ತೆಕ್ಕಡ ನಂಜುಂಡ ನಮ್ಮದೇ ಕೊಡಗಿನವರು. ಆ ಆಟದಲ್ಲಿ ಏರನ್ನೂ ಹತ್ತಬೇಕು, ಹತ್ತುವಾಗ ಪ್ರತಿ ಕಿಲೋವೂ ಎತ್ತಬೇಕಾದ ಹೊರೆ. ಮುಂದಿನ ಪುರವಣಿಯಲ್ಲಿ ತಿದ್ದುಪಡಿ ಹಾಕುವಾಗ ಅವರ ಆಟದ ಬಗ್ಗೆಯೂ ನಾಲ್ಕು ಸಾಲು ಬರೆಯಿರಿ.

ಇತಿ,
ನಿವೃತ್ತ ವಿಜ್ಞಾನ ಶಿಕ್ಷಕಿ, ಮಲ್ಪೆ, ಉಡುಪಿ